ಅಮೆರಿಕದ ಅಧ್ಯಕ್ಷೀಯ ಪ್ರೈಮರಿ ನ್ಯಾಯವಾಗಿ ನಡೆಯುತ್ತದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಮತ್ತು ಊರಿನಲ್ಲಿ ಕೂತು ಆ ದೇಶದ ಸುದ್ದಿ ನೋಡುವ ಅವರ ಮನೆಯವರು, ಇಬ್ಬರೂ ನಾಲ್ಕು ವರ್ಷಕ್ಕೊಮ್ಮೆ ಕೇಳುವ ಪ್ರಶ್ನೆಗಳಿವು. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಇದೆ. ಅದು ಅಭಿಪ್ರಾಯ ಎಂದು ಗೊತ್ತಾಗುವ ಹಾಗೆಯೇ ಬರೆದಿದ್ದೇನೆ.

ಪ್ರೈಮರಿ ಅಂದರೆ ಏನು? ನವೆಂಬರ್‌ನಲ್ಲಿ ನಡೆಯುವ ಚುನಾವಣೆ ಅದೇ ಅಲ್ವಾ?

ಅಲ್ಲ. ನವೆಂಬರ್‌ನಲ್ಲಿ ನಡೆಯುವುದು ಡೆಮಾಕ್ರಟಿಕ್ ಮತ್ತು ರಿಪಬ್ಲಿಕನ್ ಎಂಬ ಎರಡು ಮುಖ್ಯ ಪಕ್ಷಗಳ ನಡುವಿನ ಚುನಾವಣೆ. ಅದಕ್ಕೂ ಮೊದಲು, ಜನವರಿಯಿಂದ ಜೂನ್‌ವರೆಗೆ, ಪ್ರತಿ ಪಕ್ಷವೂ ತನ್ನ ಅಭ್ಯರ್ಥಿ ಯಾರು ಎಂದು ತೀರ್ಮಾನಿಸಬೇಕು. ನಮ್ಮಲ್ಲಿ ಟಿಕೆಟ್ ಯಾರಿಗೆ ಎಂದು ಹೈಕಮಾಂಡ್ ಹೇಳುತ್ತದೆ, ಬಿ ಫಾರಂ ಕೊಡುತ್ತದೆ. ಅಲ್ಲಿ ಆ ಟಿಕೆಟ್ಟಿಗೇ ಮತದಾನ ನಡೆಯುತ್ತದೆ, ಅದೇ ಪ್ರೈಮರಿ.

ಮತದಾರರು ನೇರವಾಗಿ ಅಭ್ಯರ್ಥಿಯನ್ನು ಆರಿಸುವುದಿಲ್ಲ. ಅವರ ಮತದ ಲೆಕ್ಕದಲ್ಲಿ ಡೆಲಿಗೇಟ್‌ಗಳು, ಅಂದರೆ ಪಕ್ಷದ ಪ್ರತಿನಿಧಿಗಳು, ಹಂಚಿಕೆಯಾಗುತ್ತಾರೆ. ಅಲ್ಲಿನ ಬೇಸಿಗೆಯಲ್ಲಿ, ಅಂದರೆ ಜುಲೈ, ಆಗಸ್ಟ್ ಹೊತ್ತಿಗೆ, ನಡೆಯುವ ಪಕ್ಷದ ಸಮಾವೇಶದಲ್ಲಿ ಈ ಡೆಲಿಗೇಟ್‌ಗಳ ಬಹುಮತ ಯಾರಿಗಿದೆಯೋ ಅವರೇ ಅಭ್ಯರ್ಥಿ. 2024ರಲ್ಲಿ ರಿಪಬ್ಲಿಕನ್ ಪಕ್ಷಕ್ಕೆ 2,429 ಡೆಲಿಗೇಟ್‌ಗಳಿದ್ದರು. ಗೆಲ್ಲಲು 1,215 ಬೇಕಿತ್ತು.

ಇದರ ನಿಯಮ ಮಾಡುವವರು ಯಾರು? ನಮ್ಮ ಚುನಾವಣಾ ಆಯೋಗದ ಹಾಗೆ ಯಾರೂ ಇಲ್ವಾ?

ಇಲ್ಲ. ಗೊಂದಲ ಶುರುವಾಗುವುದೇ ಇಲ್ಲಿ. ಅಮೆರಿಕದ ಸಂವಿಧಾನದಲ್ಲಿ ಪ್ರೈಮರಿಯ ಪ್ರಸ್ತಾಪವೇ ಇಲ್ಲ. ರಾಜಕೀಯ ಪಕ್ಷಗಳ ಪ್ರಸ್ತಾಪವೂ ಇಲ್ಲ. ಡೆಲಿಗೇಟ್ ಲೆಕ್ಕದ ನಿಯಮ ಪಕ್ಷದ ಕೈಯಲ್ಲಿದೆ. ಮತದಾನದ ದಿನ, ಮತಗಟ್ಟೆ, ಮತದಾರರ ಪಟ್ಟಿ ಹೆಚ್ಚಾಗಿ ರಾಜ್ಯ ಸರ್ಕಾರದ ಕೈಯಲ್ಲಿವೆ. ಇಬ್ಬರೂ ಜಗಳಕ್ಕೆ ಬಿದ್ದರೆ ಕೋರ್ಟು.

ಕೋರ್ಟು ಎರಡು ದಿಕ್ಕಿಗೂ ತೀರ್ಪು ಕೊಟ್ಟಿದೆ. ಟೆಕ್ಸಸ್‌ನಲ್ಲಿ ಡೆಮಾಕ್ರಟಿಕ್ ಪಕ್ಷ "ನಮ್ಮದು ಖಾಸಗಿ ಸಂಘ" ಎನ್ನುವ ನೆಪದಲ್ಲಿ ಕಪ್ಪು ಜನರನ್ನು ಪ್ರೈಮರಿಯಿಂದ ಹೊರಗಿಟ್ಟಿತ್ತು. ಆ ಕಾಲದಲ್ಲಿ ದಕ್ಷಿಣದಲ್ಲಿ ಆ ಪಕ್ಷದ ಪ್ರೈಮರಿ ಗೆದ್ದರೆ ಚುನಾವಣೆ ಗೆದ್ದ ಹಾಗೆಯೇ. 1944ರಲ್ಲಿ ಸುಪ್ರೀಂ ಕೋರ್ಟು ಇದು ನಡೆಯುವುದಿಲ್ಲ ಎಂದಿತು. ಪ್ರೈಮರಿಯೂ ಚುನಾವಣೆಯ ಭಾಗವೇ, ಅಲ್ಲಿ ಬಣ್ಣ ನೋಡಿ ತಡೆಯುವಂತಿಲ್ಲ ಎಂದು ಸ್ಪಷ್ಟವಾಯಿತು. ಆದರೆ 2000ದಲ್ಲಿ ಕ್ಯಾಲಿಫೋರ್ನಿಯಾದ ಒಂದು ಪ್ರಕರಣ ಬಂತು. ಯಾವ ಮತದಾರರು ಬೇಕಾದರೂ ಯಾವ ಪಕ್ಷದ ಅಭ್ಯರ್ಥಿಗೆ ಬೇಕಾದರೂ ಮತ ಹಾಕಲಿ ಎಂದು ಆ ರಾಜ್ಯ ಕಾನೂನು ಮಾಡಿತ್ತು. ಅಭ್ಯರ್ಥಿಯನ್ನು ಆರಿಸಿಕೊಳ್ಳುವುದು ಪಕ್ಷದ ಸಂಘಟನಾ ಸ್ವಾತಂತ್ರ್ಯ ಎಂದು ಹೇಳಿ ಕೋರ್ಟು ಅದನ್ನು ರದ್ದು ಮಾಡಿತು.

ಹಾಗಾಗಿ ಪ್ರೈಮರಿ ಅರ್ಧ ಸರ್ಕಾರಿ, ಅರ್ಧ ಖಾಸಗಿ. ತಪ್ಪಾದರೆ ಯಾರನ್ನು ಕೇಳಬೇಕು ಎಂಬುದೇ ಜನರಿಗೆ ತಿಳಿಯುವುದಿಲ್ಲ.

ಮೊದಲಿನಿಂದಲೂ ಹೀಗೆಯೇ ಇತ್ತಾ?

ಇಲ್ಲ. ಒಂದು ಕಾಲದಲ್ಲಿ ಎಲ್ಲವೂ ಪಕ್ಷದ ದೊಡ್ಡವರ ಕೈಯಲ್ಲಿತ್ತು. 20ನೇ ಶತಮಾನದ ಶುರುವಿನಲ್ಲಿ ಕೆಲವು ರಾಜ್ಯಗಳಲ್ಲಿ ಪ್ರೈಮರಿ ಬಂತು. ಆದರೆ ಅದಕ್ಕೆ ಬೆಲೆ ಇರಲಿಲ್ಲ. 1912ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಪ್ರೈಮರಿ ನಡೆದ ಹೆಚ್ಚಿನ ರಾಜ್ಯಗಳಲ್ಲಿ ಗೆದ್ದರು, ರಿಪಬ್ಲಿಕನ್ ಟಿಕೆಟ್ ಸಿಕ್ಕಿದ್ದು ಆಗ ಅಧ್ಯಕ್ಷರಾಗಿದ್ದ ಟ್ಯಾಫ್ಟ್‌ಗೆ. 1952ರಲ್ಲಿ ಎಸ್ಟಿಸ್ ಕೆಫಾವರ್ ಒಂದಾದ ಮೇಲೊಂದು ಪ್ರೈಮರಿ ಗೆದ್ದರು, ಡೆಮಾಕ್ರಟಿಕ್ ಪಕ್ಷ ಅಡ್ಲೈ ಸ್ಟೀವನ್‌ಸನ್‌ಗೆ ಟಿಕೆಟ್ ಕೊಟ್ಟಿತು.

ತಾಳ್ಮೆ ಮುಗಿದದ್ದು 1968ರಲ್ಲಿ. ವಿಯೆಟ್ನಾಂ ಯುದ್ಧದ ವಿರೋಧಿಗಳು ಯೂಜಿನ್ ಮೆಕಾರ್ಥಿ ಮತ್ತು ರಾಬರ್ಟ್ ಕೆನಡಿಗೆ ಪ್ರೈಮರಿಗಳಲ್ಲಿ ಮತ ಹಾಕಿದರು. ಅಧ್ಯಕ್ಷ ಜಾನ್ಸನ್ ಕಣದಿಂದ ಹಿಂದೆ ಸರಿದರು. ಜೂನ್‌ನಲ್ಲಿ ಕೆನಡಿ ಕೊಲೆಯಾದರು. ಆಗಸ್ಟ್‌ನಲ್ಲಿ ಶಿಕಾಗೋ ಸಮಾವೇಶ ಆರಿಸಿದ್ದು ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿಯನ್ನು. ಅವರು ಒಂದೇ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸಿರಲಿಲ್ಲ! ಹೊರಗೆ ಬೀದಿಯಲ್ಲಿ ಪೊಲೀಸರು ಯುವಕರನ್ನು ಹೊಡೆಯುತ್ತಿದ್ದರು, ದೇಶ ಅದನ್ನು ಟಿವಿಯಲ್ಲಿ ನೋಡುತ್ತಿತ್ತು. ನವೆಂಬರ್‌ನಲ್ಲಿ ಹಂಫ್ರಿ ಸೋತರು.

ಆಮೇಲೆ ಪಕ್ಷ ಒಂದು ಸಮಿತಿ ಮಾಡಿತು. ಸೆನೆಟರ್ ಜಾರ್ಜ್ ಮೆಕ್‌ಗವರ್ನ್, ನಂತರ ಡೊನಾಲ್ಡ್ ಫ್ರೇಸರ್ ಅದರ ಅಧ್ಯಕ್ಷರಾಗಿದ್ದರು. ಡೆಲಿಗೇಟ್‌ಗಳನ್ನು ಮುಚ್ಚಿದ ಕೋಣೆಯಲ್ಲಿ ಆರಿಸುವಂತಿಲ್ಲ, ಎಲ್ಲರಿಗೂ ಮೊದಲೇ ತಿಳಿಸಬೇಕು, ಹೆಂಗಸರು, ಯುವಕರು, ಕಪ್ಪು ಜನರು ಒಳಗೆ ಬರಬೇಕು ಎಂದು ಸಮಿತಿ ಹೇಳಿತು. ಈ ನಿಯಮ ಪಾಲಿಸಲು ಸುಲಭದ ದಾರಿ ಪ್ರೈಮರಿ ನಡೆಸುವುದೇ ಎಂದು ರಾಜ್ಯಗಳಿಗೆ ಅನಿಸಿತು. 1972ರಿಂದ ಇಂದಿನ ಪದ್ಧತಿ ಬೇರೂರಿತು. ಇದನ್ನು ಯಾರೂ ಕೂತು ನಕ್ಷೆ ಹಾಕಿ ಕಟ್ಟಲಿಲ್ಲ ಎಂಬುದನ್ನು ನೆನಪಿಡಿ. ಮುಂದಿನ ಎಷ್ಟೋ ತೊಂದರೆಗೆ ಕಾರಣ ಅದೇ.

ಅಯೋವಾ ಮತ್ತು ನ್ಯೂ ಹ್ಯಾಂಪ್‌ಶೈರ್ ಯಾವಾಗಲೂ ಮೊದಲು ಯಾಕೆ?

ನ್ಯೂ ಹ್ಯಾಂಪ್‌ಶೈರ್ 1920ರಿಂದ ಮೊದಲ ಪ್ರೈಮರಿ ನಡೆಸುತ್ತಿದೆ. 1975ರಲ್ಲಿ ಅದನ್ನು ರಾಜ್ಯದ ಕಾನೂನನ್ನಾಗಿಯೇ ಮಾಡಿಕೊಂಡಿತು. ಬೇರೆ ಯಾರಾದರೂ ಅದಕ್ಕಿಂತ ಮೊದಲಿನ ದಿನ ಇಟ್ಟುಕೊಂಡರೆ ಅದು ತನ್ನ ದಿನವನ್ನು ಇನ್ನೂ ಮೊದಲಿಗೆ ತರುತ್ತದೆ. ಅಯೋವಾ ಮೊದಲಾದದ್ದು ಆಕಸ್ಮಿಕ. ಅಲ್ಲಿನ ಕಾಕಸ್ (ಬೂತಿನ ಬದಲು ಸಭೆ ಸೇರಿ ಆರಿಸುವ) ಪದ್ಧತಿಗೆ ಬೂತಿನಿಂದ ರಾಜ್ಯದವರೆಗೆ ನಾಲ್ಕು ಹಂತಗಳಿವೆ. 1972ರ ಹೊಸ ನಿಯಮದ ಪ್ರಕಾರ ಹಂತಗಳ ನಡುವೆ ಸಮಯ ಬಿಡಬೇಕಾಯಿತು. ಹಾಗಾಗಿ ಮೊದಲ ಹಂತ ಜನವರಿಗೆ ಬಂತು. 1976ರಲ್ಲಿ ಅಷ್ಟಾಗಿ ಯಾರಿಗೂ ಗೊತ್ತಿಲ್ಲದ ಜಿಮ್ಮಿ ಕಾರ್ಟರ್ ಅಲ್ಲಿ ಹೆಸರು ಮಾಡಿ ಅಧ್ಯಕ್ಷರೇ ಆದರು. ಅಲ್ಲಿಂದ ಮುಂದೆ ಎಲ್ಲ ಅಭ್ಯರ್ಥಿಗಳೂ ಅಯೋವಾ ದಾರಿ ಹಿಡಿದರು.

ಇದರಲ್ಲಿ ಒಳ್ಳೆಯದೂ ಇದೆ. ಸಣ್ಣ ರಾಜ್ಯದಲ್ಲಿ ದುಡ್ಡಿಲ್ಲದ ಅಭ್ಯರ್ಥಿಯೂ ಮನೆ ಮನೆಗೆ ಹೋಗಿ ಮಾತಾಡಬಹುದು. ಆದರೆ ಅಯೋವಾದಲ್ಲಿ ಇರುವುದು ಸುಮಾರು 32 ಲಕ್ಷ ಜನ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸುಮಾರು 14 ಲಕ್ಷ. ಎರಡೂ ಬಹುಪಾಲು ಬಿಳಿಯರ ರಾಜ್ಯಗಳು. ದೊಡ್ಡ ನಗರಗಳ, ಕಪ್ಪು ಜನರ, ಲ್ಯಾಟಿನೋಗಳ, ನಮ್ಮಂಥ ವಲಸಿಗರ ದನಿ ಕೇಳುವ ಮೊದಲೇ ಅರ್ಧ ಅಭ್ಯರ್ಥಿಗಳು ಮನೆಗೆ ಹೋಗಿರುತ್ತಾರೆ. 2024ರಲ್ಲಿ ಡೆಮಾಕ್ರಟಿಕ್ ಪಕ್ಷ ಸೌತ್ ಕ್ಯಾರೊಲಿನಾವನ್ನು ಮೊದಲ ಸ್ಥಾನಕ್ಕೆ ತಂದಿತು. ನ್ಯೂ ಹ್ಯಾಂಪ್‌ಶೈರ್ ಒಪ್ಪಲಿಲ್ಲ. ತನ್ನ ಕಾನೂನಿನಂತೆ ಜನವರಿ 23ರಂದೇ ಪ್ರೈಮರಿ ನಡೆಸಿತು. ಬ್ಯಾಲೆಟ್‌ನಲ್ಲಿ ಬೈಡನ್ ಹೆಸರೇ ಇರಲಿಲ್ಲ. ಬೆಂಬಲಿಗರು ಕೈಯಿಂದ ಹೆಸರು ಬರೆದು ಗೆಲ್ಲಿಸಿದರು.

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ನಮ್ಮ ಸರದಿ ಜೂನ್‌ನಲ್ಲಿ. ನನ್ನ ಮತಕ್ಕೆ ಏನಾದರೂ ಬೆಲೆ ಇದೆಯಾ?

ಈ ಪುಟದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಪ್ರಶ್ನೆ ಇದು. ಪ್ರೈಮರಿಯ ಅನ್ಯಾಯ ಅಂದಾಕ್ಷಣ ಜನ ಮತ ಎಣಿಕೆಯಲ್ಲಿ ಮೋಸ, ಒಳಸಂಚು ಎಂದೆಲ್ಲ ಯೋಚಿಸುತ್ತಾರೆ. ನಿಜವಾದ ಅನ್ಯಾಯ ಕ್ಯಾಲೆಂಡರ್‌ನಲ್ಲೇ ಇದೆ, ಎಲ್ಲರ ಕಣ್ಣೆದುರೇ ಇದೆ.

2024ನ್ನೇ ನೋಡಿ. ಮಾರ್ಚ್ 12ಕ್ಕೆ ಬೈಡನ್ ಮತ್ತು ಟ್ರಂಪ್ ಇಬ್ಬರಿಗೂ ಬೇಕಾದಷ್ಟು ಡೆಲಿಗೇಟ್‌ಗಳು ಸಿಕ್ಕಿಬಿಟ್ಟಿದ್ದರು. ನ್ಯೂಜೆರ್ಸಿ ಮತ ಹಾಕಿದ್ದು ಜೂನ್ 4ಕ್ಕೆ. 2016ರಲ್ಲಿ ಡೆಮಾಕ್ರಟಿಕ್ ಸ್ಪರ್ಧೆ ಕೊನೆಯವರೆಗೆ ಎಳೆಯಿತು. ಜೂನ್ 7ರಂದು ಕ್ಯಾಲಿಫೋರ್ನಿಯಾ ಮತ್ತು ನ್ಯೂಜೆರ್ಸಿ ಮತ ಹಾಕಬೇಕಿತ್ತು. ಕನ್ನಡಿಗರು ಜಾಸ್ತಿ ಇರುವ ರಾಜ್ಯಗಳಿವು. ಜೂನ್ 6ರ ಸಂಜೆಯೇ ಅಸೋಸಿಯೇಟೆಡ್ ಪ್ರೆಸ್ ಸುದ್ದಿ ಸಂಸ್ಥೆ ಹಿಲರಿ ಕ್ಲಿಂಟನ್ ಗೆದ್ದಾಯಿತು ಎಂದು ಘೋಷಿಸಿತು. ಸಂಸ್ಥೆಯ ಲೆಕ್ಕ ತಪ್ಪಿರಲಿಲ್ಲ. ಆದರೆ ಮಾರನೆಯ ಬೆಳಗ್ಗೆ ಮತಗಟ್ಟೆಗೆ ಹೊರಟ ಲಕ್ಷಾಂತರ ಜನರಿಗೆ ಹೇಗನಿಸಿರಬೇಕು?

ಇದನ್ನು ತಪ್ಪಿಸಿಕೊಳ್ಳಲು ರಾಜ್ಯಗಳು ತಮ್ಮ ದಿನವನ್ನು ಇನ್ನೂ ಮೊದಲಿಗೆ, ಇನ್ನೂ ಮೊದಲಿಗೆ ತರುತ್ತವೆ. 1988ರಲ್ಲಿ ದಕ್ಷಿಣದ ರಾಜ್ಯಗಳು ಒಟ್ಟಾಗಿ ಒಂದೇ ಮಂಗಳವಾರ ಇಟ್ಟುಕೊಂಡವು, ಸೂಪರ್ ಟ್ಯೂಸ್‌ಡೇ ದೊಡ್ಡದಾಗಿ ಬೆಳೆದದ್ದು ಆಗ. 2008ರಲ್ಲಿ 20ಕ್ಕೂ ಹೆಚ್ಚು ರಾಜ್ಯಗಳು ಫೆಬ್ರವರಿ 5ರಂದೇ ಮತ ಹಾಕಿದವು. ಅದೇ ವರ್ಷ ಫ್ಲಾರಿಡಾ ಮತ್ತು ಮಿಶಿಗನ್ ಪಕ್ಷದ ಅನುಮತಿಯಿಲ್ಲದೆ ಜನವರಿಗೆ ಬಂದವು. ಶಿಕ್ಷೆಯಾಗಿ ಡೆಮಾಕ್ರಟಿಕ್ ಪಕ್ಷ ಆ ರಾಜ್ಯಗಳ ಡೆಲಿಗೇಟ್‌ಗಳನ್ನೇ ಕಿತ್ತುಕೊಂಡಿತು. ಮೇ ಕೊನೆಯಲ್ಲಿ ಅರ್ಧ ಮತ ಕೊಟ್ಟಿತು, ಸಮಾವೇಶದಲ್ಲಿ ಪೂರ್ತಿ ಕೊಟ್ಟಿತು. ಅಷ್ಟರಲ್ಲಿ ಒಬಾಮಾ ಗೆದ್ದಾಗಿತ್ತು. ದಿನ ಗೊತ್ತು ಮಾಡಿದ್ದು ರಾಜಕಾರಣಿಗಳು, ಶಿಕ್ಷೆ ಅನುಭವಿಸಿದ್ದು ಮತದಾರರು. ಇದು ನನಗೆ ಇವತ್ತಿಗೂ ಸರಿ ಅನಿಸುವುದಿಲ್ಲ.

ಹಾಗಂತ ಜೂನ್‌ನಲ್ಲಿ ಮತಗಟ್ಟೆಗೆ ಹೋಗದೆ ಇರಬೇಡಿ. ಅದೇ ಬ್ಯಾಲೆಟ್‌ನಲ್ಲಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯರಿಂದ ಹಿಡಿದು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಮಟ್ಟದ ಹುದ್ದೆಗಳವರೆಗೆ ಅಭ್ಯರ್ಥಿಗಳ ಆಯ್ಕೆ ಇರುತ್ತದೆ. ಅಲ್ಲಿ ಮತ ಹಾಕುವವರು ಕಡಿಮೆ, ಹಾಗಾಗಿ ನಿಮ್ಮ ಮತದ ತೂಕ ಹೆಚ್ಚು.

ಕಾಕಸ್ ಬಗ್ಗೆ ಇಷ್ಟೊಂದು ದೂರು ಯಾಕೆ?

ಕಾಕಸ್ ಅಂದರೆ ಸಭೆ. ಚಳಿಗಾಲದ ಒಂದು ಸಂಜೆ, ಗೊತ್ತು ಮಾಡಿದ ಹೊತ್ತಿಗೆ ಶಾಲೆಯಲ್ಲೋ ಚರ್ಚಿನಲ್ಲೋ ಸೇರಬೇಕು. ಅಯೋವಾ ಡೆಮಾಕ್ರಟರು ಬಹುಕಾಲ ಎಲ್ಲರೆದುರು ತಮ್ಮ ಅಭ್ಯರ್ಥಿಯ ಗುಂಪಿನಲ್ಲಿ ನಿಂತು ಬೆಂಬಲ ತೋರಿಸುತ್ತಿದ್ದರು. ಗುಟ್ಟಿನ ಮತದಾನವೇ ಇರಲಿಲ್ಲ. ರಾತ್ರಿ ಪಾಳಿಯ ನರ್ಸ್, ಚಿಕ್ಕ ಮಗುವಿರುವ ತಾಯಿ, ಗಾಲಿಕುರ್ಚಿಯಲ್ಲಿರುವ ಹಿರಿಯರು ಏನು ಮಾಡಬೇಕು?

ವಾಷಿಂಗ್ಟನ್ ರಾಜ್ಯದಲ್ಲಿ 2016ರಲ್ಲಿ ಎರಡೂ ನಡೆದವು. ಮಾರ್ಚ್‌ನ ಡೆಮಾಕ್ರಟಿಕ್ ಕಾಕಸ್‌ಗೆ ಸುಮಾರು 2 ಲಕ್ಷ 30 ಸಾವಿರ ಜನ ಬಂದರು, ಕ್ಲಿಂಟನ್ ಎದುರು ನಿಂತಿದ್ದ ಬರ್ನಿ ಸ್ಯಾಂಡರ್ಸ್‌ಗೆ ಶೇ 70ಕ್ಕೂ ಹೆಚ್ಚು ಬೆಂಬಲ. ಮೇ ತಿಂಗಳ ಪ್ರೈಮರಿಗೆ ಸುಮಾರು 8 ಲಕ್ಷ ಮತ ಬಿದ್ದವು, ಗೆದ್ದದ್ದು ಕ್ಲಿಂಟನ್. ಆದರೆ ಡೆಲಿಗೇಟ್ ಲೆಕ್ಕಕ್ಕೆ ಬಂದದ್ದು ಕಾಕಸ್ ಮಾತ್ರ. ನೀವು ಯಾರ ಬೆಂಬಲಿಗರೇ ಆಗಿರಿ, ಸಣ್ಣ ಸಭೆಗೆ ಬೆಲೆ, ದೊಡ್ಡ ಮತದಾನಕ್ಕೆ ಬೆಲೆ ಇಲ್ಲ ಎಂದರೆ ಒಪ್ಪುವುದು ಕಷ್ಟ.

ಎಣಿಕೆಯಲ್ಲೂ ಎಡವಟ್ಟುಗಳಾಗಿವೆ. 2012ರಲ್ಲಿ ಅಯೋವಾದ ರಿಪಬ್ಲಿಕನ್ ಕಾಕಸ್‌ನಲ್ಲಿ ಮಿಟ್ ರಾಮ್ನಿ 8 ಮತಗಳಿಂದ ಮುಂದಿದ್ದಾರೆ ಎಂದು ಮೊದಲು ಹೇಳಿದರು. ಎರಡು ವಾರ ಕಳೆದ ಮೇಲೆ ನೋಡಿದರೆ ರಿಕ್ ಸ್ಯಾಂಟೋರಮ್ 34 ಮತ ಮುಂದಿದ್ದರು. ಅಷ್ಟರಲ್ಲಿ ಗೆದ್ದ ಹೆಸರೆಲ್ಲ ರಾಮ್ನಿಗೆ ಹೋಗಿತ್ತು. 2020ರಲ್ಲಿ ಡೆಮಾಕ್ರಟರು ಫಲಿತಾಂಶ ಕಳಿಸಲು ಹೊಸ ಆ್ಯಪ್ ತಂದರು. ಅದು ಕೈಕೊಟ್ಟು ಫಲಿತಾಂಶ ದಿನಗಟ್ಟಲೆ ತಡವಾಯಿತು. ಈಗ ಹೆಚ್ಚಿನ ರಾಜ್ಯಗಳು ಕಾಕಸ್ ಬಿಟ್ಟಿವೆ. ಒಳ್ಳೆಯದೇ ಆಯಿತು.

ಶೇ 32 ಮತ ಪಡೆದವರಿಗೆ ಪೂರ್ತಿ ಡೆಲಿಗೇಟ್ ಸಿಗುವುದು ಹೇಗೆ?

2016ರ ಸೌತ್ ಕ್ಯಾರೊಲಿನಾ ರಿಪಬ್ಲಿಕನ್ ಪ್ರೈಮರಿಯಲ್ಲಿ ಟ್ರಂಪ್‌ಗೆ ಬಿದ್ದದ್ದು ಸುಮಾರು ಶೇ 32.5 ಮತ. ಎದುರಾಳಿಗಳಾದ ರುಬಿಯೋ ಮತ್ತು ಕ್ರೂಜ್ ಇಬ್ಬರ ಮತ ಸೇರಿಸಿದರೆ ಅದಕ್ಕಿಂತ ಜಾಸ್ತಿ. ಆದರೂ 50ಕ್ಕೆ 50 ಡೆಲಿಗೇಟ್‌ಗಳೂ ಟ್ರಂಪ್‌ಗೇ. ರಾಜ್ಯದಲ್ಲಿ ಮೊದಲು ಬಂದವರಿಗೆ, ಪ್ರತಿ ಕಾಂಗ್ರೆಸ್ ಕ್ಷೇತ್ರದಲ್ಲಿ ಮೊದಲು ಬಂದವರಿಗೆ ಪೂರ್ತಿ ಎಂಬುದು ಅಲ್ಲಿನ ನಿಯಮ. ಅವರು ನಿಯಮದ ಪ್ರಕಾರವೇ ಗೆದ್ದರು. ನನ್ನ ತಕರಾರು ನಿಯಮದ ಮೇಲೆ.

ಡೆಮಾಕ್ರಟಿಕ್ ಪಕ್ಷದಲ್ಲಿ ಮತದ ಪ್ರಮಾಣಕ್ಕೆ ತಕ್ಕಷ್ಟೇ ಡೆಲಿಗೇಟ್. ಆದರೆ ಶೇ 15 ದಾಟದವರಿಗೆ ಏನೂ ಇಲ್ಲ. ತುಂಬಾ ಜನ ನಿಂತಾಗ ಇದರಿಂದಲೂ ಬಹಳ ಮತ ಹಾಳಾಗುತ್ತದೆ.

ಮತ ಒಡೆಯುವ ತೊಂದರೆ ಅಧ್ಯಕ್ಷ ಹುದ್ದೆಗಷ್ಟೇ ಸೀಮಿತವಲ್ಲ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಈಗ ಡೆಟ್ರಾಯ್ಟ್ ಭಾಗದ ಕಾಂಗ್ರೆಸ್ ಸದಸ್ಯರು. 2022ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ 9 ಜನ ಕಣದಲ್ಲಿದ್ದರು, ಅವರು ಗೆದ್ದದ್ದು ಸುಮಾರು ಶೇ 28 ಮತದಲ್ಲಿ. ಆ ಕ್ಷೇತ್ರದಲ್ಲಿ ಪ್ರೈಮರಿ ಗೆದ್ದರೆ ಸೀಟು ಗೆದ್ದ ಹಾಗೆ. ನಮ್ಮ ಕಡೆಯವರು ಗೆದ್ದರು ಎಂಬ ಖುಷಿ ಇರಲಿ. ಉಳಿದ ಶೇ 72 ಮತದಾರರ ಎರಡನೇ ಆಯ್ಕೆ ಯಾರಾಗಿತ್ತು ಎಂದು ಕೇಳುವ ವ್ಯವಸ್ಥೆಯೂ ಇರಬೇಕು.

2016ರಲ್ಲಿ ಸ್ಯಾಂಡರ್ಸ್‌ಗೆ ಮೋಸ ಆಯಿತಾ?

ಈ ಪ್ರಶ್ನೆಗೆ ಸಿಟ್ಟಿಲ್ಲದೆ ಉತ್ತರ ಹೇಳಬೇಕು. ಮತದ ಲೆಕ್ಕದಲ್ಲಿ ಕ್ಲಿಂಟನ್ ಗೆದ್ದರು. ಅವರಿಗೆ ಸುಮಾರು 1 ಕೋಟಿ 69 ಲಕ್ಷ ಮತ, ಸ್ಯಾಂಡರ್ಸ್‌ಗೆ ಸುಮಾರು 1 ಕೋಟಿ 32 ಲಕ್ಷ. ಮತದಿಂದ ಬಂದ ಡೆಲಿಗೇಟ್‌ಗಳಲ್ಲೂ ಅವರೇ ಮುಂದೆ.

ಆದರೆ ಪಕ್ಷ ನಡೆದುಕೊಂಡ ರೀತಿ ಸರಿ ಇರಲಿಲ್ಲ. ಜುಲೈನಲ್ಲಿ ಸೋರಿಕೆಯಾದ ಈಮೇಲ್‌ಗಳಲ್ಲಿ ಪಕ್ಷದ ಕೇಂದ್ರ ಕಚೇರಿಯವರಿಗೆ ಸ್ಯಾಂಡರ್ಸ್ ಬಗ್ಗೆ ಇದ್ದ ಅಸಹನೆ ಬಯಲಾಯಿತು. ಪಕ್ಷದ ಅಧ್ಯಕ್ಷೆ ಡೆಬ್ಬಿ ವಾಸರ್‌ಮನ್ ಶುಲ್ಟ್ಸ್ ರಾಜೀನಾಮೆ ಕೊಟ್ಟರು. ಅಂಪೈರ್ ಒಂದು ತಂಡದ ಕಡೆ ವಾಲಿದ್ದರೆ, ಆ ತಂಡ ಸ್ವಂತ ಬಲದಿಂದ ಗೆದ್ದರೂ ಜನ ನಂಬುವುದಿಲ್ಲ.

ಇನ್ನೊಂದು ಸಿಟ್ಟು ಸೂಪರ್ ಡೆಲಿಗೇಟ್‌ಗಳ ಮೇಲೆ. ಸಂಸದರು, ಗವರ್ನರ್‌ಗಳು, ಪಕ್ಷದ ಪದಾಧಿಕಾರಿಗಳು ಯಾರ ಮತಕ್ಕೂ ಬದ್ಧರಾಗದೆ ಸಮಾವೇಶದಲ್ಲಿ ಮತ ಹಾಕುವ ಪದ್ಧತಿ ಅದು. 1984ರಿಂದ ಜಾರಿಯಲ್ಲಿತ್ತು. 2016ರಲ್ಲಿ 700ಕ್ಕೂ ಹೆಚ್ಚು ಜನ ಇದ್ದರು. ಬಹುಪಾಲು ಮೊದಲೇ ಕ್ಲಿಂಟನ್ ಕಡೆ ವಾಲಿದ್ದರು. ಟಿವಿಗಳು ಅವರನ್ನೂ ಸೇರಿಸಿ ಅಂಕಿ ತೋರಿಸುತ್ತಿದ್ದವು. ಒಂದು ಮತ ಬೀಳುವ ಮೊದಲೇ ಒಬ್ಬರು ನೂರಾರು ಡೆಲಿಗೇಟ್ ಮುಂದೆ! 2018ರಲ್ಲಿ ಪಕ್ಷ ಇದನ್ನು ಬದಲಿಸಿತು. ಪೈಪೋಟಿ ಇದ್ದರೆ ಮೊದಲ ಸುತ್ತಿನಲ್ಲಿ ಅವರು ಮತ ಹಾಕುವಂತಿಲ್ಲ. ಜನ ಪಟ್ಟು ಹಿಡಿದರೆ ಬದಲಾವಣೆ ಆಗುತ್ತದೆ ಎಂಬುದಕ್ಕೆ ಇದು ಗಟ್ಟಿ ಉದಾಹರಣೆ.

ನಾನು ಯಾವ ಪಕ್ಷಕ್ಕೂ ಸೇರಿಲ್ಲ. ಪ್ರೈಮರಿಯಲ್ಲಿ ಮತ ಹಾಕಬಹುದಾ?

ರಾಜ್ಯದ ಮೇಲೆ ನಿಂತಿದೆ. ಟೆಕ್ಸಸ್, ಮಿಶಿಗನ್ ಮುಂತಾದ ಕಡೆ ಮತದಾನದ ದಿನ ಯಾವುದಾದರೂ ಒಂದು ಪಕ್ಷದ ಪ್ರೈಮರಿ ಆರಿಸಿಕೊಳ್ಳಬಹುದು. ನ್ಯೂಯಾರ್ಕ್, ಫ್ಲಾರಿಡಾದಲ್ಲಿ ಆ ಪಕ್ಷಕ್ಕೆ ನೋಂದಣಿ ಆಗಿರಲೇಬೇಕು. 2016ರ ಏಪ್ರಿಲ್ ಪ್ರೈಮರಿಗೆ ನ್ಯೂಯಾರ್ಕ್‌ನಲ್ಲಿ ಪಕ್ಷ ಬದಲಿಸಲು ಕೊನೆಯ ದಿನ 2015ರ ಅಕ್ಟೋಬರ್ 9 ಆಗಿತ್ತು. ಆರು ತಿಂಗಳು ಮೊದಲು! ಟ್ರಂಪ್ ಅವರ ಮಕ್ಕಳಾದ ಇವಾಂಕಾ ಮತ್ತು ಎರಿಕ್ ಕೂಡ ಗಡುವು ಮೀರಿ ಅಪ್ಪನಿಗೆ ಮತ ಹಾಕಲಾಗಲಿಲ್ಲ. ಆಮೇಲೆ ಗಡುವನ್ನು ಹತ್ತಿರಕ್ಕೆ ತಂದರು.

ಪಕ್ಷದ ಅಭ್ಯರ್ಥಿಯನ್ನು ಪಕ್ಷದವರೇ ಆರಿಸಲಿ ಎಂಬ ವಾದದಲ್ಲಿ ಹುರುಳಿದೆ. ಆದರೆ ಪ್ರೈಮರಿಯ ಖರ್ಚು ಹೆಚ್ಚಿನ ಕಡೆ ಎಲ್ಲರ ತೆರಿಗೆ ಹಣದಿಂದ ಹೋಗುತ್ತದೆ. ಪಕ್ಷವಿಲ್ಲದವರಿಗೂ ಒಂದು ದಾರಿ ಇರಬೇಕು ಎಂಬುದು ನನ್ನ ನಿಲುವು.

ಬ್ಯಾಲೆಟ್ ಪೇಪರ್, ಮತಗಟ್ಟೆಯಲ್ಲೂ ಅನ್ಯಾಯ ನಡೆಯುತ್ತದಾ?

ನಡೆದಿದೆ. ಅರಿಜೋನಾದ ಮಾರಿಕೋಪಾ ಕೌಂಟಿಯಲ್ಲಿ 2012ರಲ್ಲಿ 200ಕ್ಕೂ ಹೆಚ್ಚು ಮತಗಟ್ಟೆಗಳಿದ್ದವು. 2016ರ ಪ್ರೈಮರಿಗೆ ಅದನ್ನು 60ಕ್ಕೆ ಇಳಿಸಿದರು. ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು, ಕೆಲವರು ಮತ ಹಾಕಿದಾಗ ಮಧ್ಯರಾತ್ರಿ ದಾಟಿತ್ತು. ಅದೇ ವರ್ಷ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಸರುಗಳು ಮತದಾರರ ಪಟ್ಟಿಯಿಂದ ಹೋಗಿದ್ದವು.

ನ್ಯೂಜೆರ್ಸಿಯ ಕಥೆ ಬೇರೆ. ಅಲ್ಲಿ 21 ಕೌಂಟಿಗಳ ಪೈಕಿ 19ರಲ್ಲಿ ಪಕ್ಷದ ಸ್ಥಳೀಯ ನಾಯಕರು ಒಪ್ಪಿದ ಎಲ್ಲ ಅಭ್ಯರ್ಥಿಗಳ ಹೆಸರು ಒಂದೇ ಸಾಲಿನಲ್ಲಿ, ಎದ್ದು ಕಾಣುವ ಜಾಗದಲ್ಲಿ ಬರುತ್ತಿತ್ತು. ಉಳಿದವರು ಎಲ್ಲೋ ಮೂಲೆಯಲ್ಲಿ. ಸೆನೆಟ್‌ಗೆ ಸ್ಪರ್ಧಿಸಿದ್ದ ಆ್ಯಂಡಿ ಕಿಮ್ 2024ರಲ್ಲಿ ಕೋರ್ಟಿಗೆ ಹೋದರು. ಮಾರ್ಚ್ ಕೊನೆಯಲ್ಲಿ ಫೆಡರಲ್ ನ್ಯಾಯಾಧೀಶರು ಆ ವರ್ಷದ ಡೆಮಾಕ್ರಟಿಕ್ ಪ್ರೈಮರಿಗೆ ಇದನ್ನು ತಡೆದರು. 2025ರಲ್ಲಿ ರಾಜ್ಯದ ಕಾನೂನೇ ಬದಲಾಯಿತು.

ಏನೇನು ಸುಧಾರಣೆ ಸಾಧ್ಯ?

ಇಡೀ ದೇಶಕ್ಕೆ ಒಂದೇ ದಿನ ಪ್ರೈಮರಿ ಇಡಿ ಎನ್ನುವವರಿದ್ದಾರೆ. ಕೇಳಲು ನ್ಯಾಯ ಅನಿಸುತ್ತದೆ. ಆದರೆ ಮೊದಲ ದಿನವೇ ಇಡೀ ದೇಶದಲ್ಲಿ ಜಾಹೀರಾತು ಕೊಡುವ ಶಕ್ತಿ ಇರುವವರಿಗೆ ಮಾತ್ರ ಅದು ಅನುಕೂಲ. ಸಣ್ಣ ರಾಜ್ಯಗಳಿಂದ ಶುರು ಮಾಡಿ ದೊಡ್ಡವಕ್ಕೆ ಹೋಗುವ ಡೆಲವೇರ್ ಯೋಜನೆ 2000ದಲ್ಲಿ ರಿಪಬ್ಲಿಕನ್ ಸಮಾವೇಶದ ಹೊತ್ತಿಗೆ ಬಿದ್ದುಹೋಯಿತು.

ನನಗೆ ಹಿಡಿಸಿದ್ದು ಸರದಿ ಪದ್ಧತಿ. ರಾಜ್ಯಗಳ ಚುನಾವಣಾ ಹೊಣೆ ಹೊತ್ತ ಕಾರ್ಯದರ್ಶಿಗಳ ರಾಷ್ಟ್ರೀಯ ಸಂಘ 1999ರಲ್ಲೇ ಇದನ್ನು ಮುಂದಿಟ್ಟಿತು. ದೇಶವನ್ನು ನಾಲ್ಕು ಭಾಗ ಮಾಡಿ, ತಿಂಗಳಿಗೊಂದು ಭಾಗದಂತೆ ಮತದಾನ. ಈ ಸಲ ಮೊದಲಿದ್ದ ಭಾಗ ಮುಂದಿನ ಸಲ ಕೊನೆಗೆ. ಆ ಯೋಜನೆಯಲ್ಲೂ ಅಯೋವಾ, ನ್ಯೂ ಹ್ಯಾಂಪ್‌ಶೈರ್‌ಗೆ ವಿನಾಯಿತಿ ಇತ್ತು. ಅದನ್ನು ತೆಗೆದುಬಿಡಬೇಕು. ತಡವಾಗಿ ಮತ ಹಾಕುವ ರಾಜ್ಯಗಳು ಆಗಲೂ ಇರುತ್ತವೆ, ಆದರೆ ಯಾವಾಗಲೂ ಅವೇ ಅಲ್ಲ.

ಇದರ ಜೊತೆಗೆ ಇಷ್ಟದ ಕ್ರಮದಲ್ಲಿ 1, 2, 3 ಎಂದು ಗುರುತು ಹಾಕುವ ಬ್ಯಾಲೆಟ್ ಬೇಕು. 2020ರಲ್ಲಿ ಡೆಮಾಕ್ರಟಿಕ್ ಕಣದಲ್ಲಿದ್ದ ಪೀಟ್ ಬುಟಿಜೆಜ್ ಮತ್ತು ಏಮಿ ಕ್ಲೋಬುಷರ್ ಸೂಪರ್ ಟ್ಯೂಸ್‌ಡೇಗೆ ಒಂದೆರಡು ದಿನ ಇರುವಾಗ ಹಿಂದೆ ಸರಿದರು. ಅಂಚೆಯಲ್ಲಿ ಮೊದಲೇ ಅವರಿಗೆ ಮತ ಕಳಿಸಿದವರ ಮತ ಸುಮ್ನೆ ಹೋಯಿತು. ಅದೇ ವರ್ಷ ಅಲಾಸ್ಕಾ, ಹವಾಯಿ, ಕಾನ್ಸಸ್, ವಯೋಮಿಂಗ್ ಡೆಮಾಕ್ರಟರು ಈ ಬ್ಯಾಲೆಟ್ ಬಳಸಿದರು. ಅಭ್ಯರ್ಥಿ ಶೇ 15 ಮುಟ್ಟದಿದ್ದರೆ ಮತ ಮುಂದಿನ ಆಯ್ಕೆಗೆ ಹೋಯಿತು. ಮಾಡಲು ಆಗುತ್ತದೆ ಎಂದು ಗೊತ್ತಾಯಿತಲ್ಲ.

2024ರಲ್ಲಿ ಕಮಲಾ ಹ್ಯಾರಿಸ್‌ಗೆ ಟಿಕೆಟ್ ಸಿಕ್ಕಿದ್ದು ಅನ್ಯಾಯವೇ?

ಬೈಡನ್ ಜುಲೈ 21ರಂದು ಹಿಂದೆ ಸರಿದಾಗ ಪ್ರೈಮರಿಗಳು ಮುಗಿದಿದ್ದವು. ನಿಯಮದ ಪ್ರಕಾರ ತೀರ್ಮಾನ ಡೆಲಿಗೇಟ್‌ಗಳದ್ದು, ಅವರು ಹ್ಯಾರಿಸ್‌ರನ್ನು ಆರಿಸಿದರು. ನಿಯಮ ಮುರಿದಿಲ್ಲ. ಆದರೆ ಅಧಿಕಾರದಲ್ಲಿರುವವರ ಎದುರು ಗಟ್ಟಿ ಸ್ಪರ್ಧೆಯೇ ನಡೆಯದ ಪ್ರೈಮರಿಯಿಂದ ಏನು ತೊಂದರೆ ಎಂದು ಆ ವರ್ಷ ಎಲ್ಲರಿಗೂ ಕಂಡಿತು.

ಗ್ರೀನ್ ಕಾರ್ಡ್ ಇದೆ. ಎಚ್‌-1ಬಿ ಇದೆ. ಮತ ಹಾಕಬಹುದಾ?

ಬೇಡ, ಖಂಡಿತ ಬೇಡ. ಅಧ್ಯಕ್ಷೀಯ ಪ್ರೈಮರಿಯಲ್ಲಿ ಮತ ಹಾಕಲು ಪೌರತ್ವ ಬೇಕು. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ನೋಂದಣಿ ಅರ್ಜಿ ಮುಂದಿಡುತ್ತಾರೆ. ಪೌರರಲ್ಲದವರು ಅದಕ್ಕೆ ಸಹಿ ಹಾಕಿದರೆ ಮುಂದೆ ಪೌರತ್ವಕ್ಕೇ ಕುತ್ತು, ಗಡೀಪಾರೂ ಆಗಬಹುದು. ಗ್ರೀನ್ ಕಾರ್ಡ್ ಇರುವವರು ಅಭ್ಯರ್ಥಿಗೆ ದೇಣಿಗೆ ಕೊಡಬಹುದು, ಎಚ್‌-1ಬಿ ಇರುವವರು ಕೊಡುವಂತಿಲ್ಲ.

ಅಮೆರಿಕದ ಪೌರರಾಗಿ ಈಗ ಬೆಂಗಳೂರಿನಲ್ಲಿ ಇದ್ದೀರಾ? ನೀವು ಕೊನೆಯದಾಗಿ ವಾಸವಿದ್ದ ರಾಜ್ಯದಿಂದ ಬ್ಯಾಲೆಟ್ ತರಿಸಿಕೊಳ್ಳಬಹುದು. ಡೆಮಾಕ್ರಟರಿಗೆ ಹೊರದೇಶದ ಪೌರರಿಗಾಗಿಯೇ ಒಂದು ಪ್ರೈಮರಿ ಇದೆ, ಅದಕ್ಕೆ ಸ್ವಂತ ಡೆಲಿಗೇಟ್‌ಗಳೂ ಇದ್ದಾರೆ. ಎರಡರಲ್ಲಿ ಒಂದರಲ್ಲಿ ಮಾತ್ರ ಮತ ಹಾಕಬೇಕು.

ನಮ್ಮ ದೇಶಕ್ಕೂ ಪ್ರೈಮರಿ ಬೇಕಾ?

ಒಮ್ಮೆ ಸಣ್ಣದಾಗಿ ನಡೆದಿದೆ. 2014ರ ಲೋಕಸಭಾ ಚುನಾವಣೆಗೆ ಮೊದಲು ಕಾಂಗ್ರೆಸ್ ಪಕ್ಷ ಕೆಲವು ಕ್ಷೇತ್ರಗಳಲ್ಲಿ ಅಭ್ಯರ್ಥಿ ಆಯ್ಕೆಗೆ ಒಳಚುನಾವಣೆ ಮಾಡಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ ಆಯ್ಕೆಯಾದರು. ಮತ ಹಾಕಿದ್ದು ಪಕ್ಷದ ಪದಾಧಿಕಾರಿಗಳು, ಸಾಮಾನ್ಯ ಮತದಾರರಲ್ಲ. ಇಬ್ಬರೂ ಚುನಾವಣೆಯಲ್ಲಿ ಸೋತರು, ಪ್ರಯೋಗವೂ ಅಲ್ಲಿಗೇ ನಿಂತಿತು. ಸೋತರು ಎಂಬ ಕಾರಣಕ್ಕೆ ಅದನ್ನು ಕೈಬಿಟ್ಟದ್ದು ಸರಿಯಲ್ಲ ಎಂದು ನನಗನಿಸುತ್ತದೆ.

ಒಬ್ಬ ಸಾಮಾನ್ಯ ಮತದಾರ ಏನು ಮಾಡಬಹುದು?

ಮೊದಲು ನಿಮ್ಮ ರಾಜ್ಯದ ಚುನಾವಣಾ ವೆಬ್‌ಸೈಟ್‌ನಲ್ಲಿ ನಿಮ್ಮ ಹೆಸರು ಮತ್ತು ಪಕ್ಷದ ನೋಂದಣಿ ನೋಡಿ. ಗಡುವಿಗೆ ತಿಂಗಳುಗಳ ಮೊದಲೇ ನೋಡಿ. ಮನೆಯಲ್ಲಿ 17 ವರ್ಷದ ಮಗ, ಮಗಳು ಇದ್ದರೆ, ನವೆಂಬರ್‌ಗೆ 18 ತುಂಬುವವರಿಗೆ ಕೆಲವು ರಾಜ್ಯಗಳಲ್ಲಿ ಪ್ರೈಮರಿಯಲ್ಲಿ ಮತ ಹಾಕಲು ಬಿಡುತ್ತಾರೆ, ವಿಚಾರಿಸಿ. ಮತಗಟ್ಟೆ ಕೆಲಸಕ್ಕೆ ಯಾವಾಗಲೂ ಜನ ಬೇಕಾಗಿರುತ್ತಾರೆ, ಅದಕ್ಕೂ ಹೆಸರು ಕೊಡಬಹುದು. ಪ್ರೈಮರಿಯ ದಿನ, ನೋಂದಣಿಯ ಗಡುವು, ಬ್ಯಾಲೆಟ್‌ನ ರೂಪ ಬಹುತೇಕ ನಿಮ್ಮ ರಾಜ್ಯದ ಶಾಸನಸಭೆಯ ಕೈಯಲ್ಲಿವೆ. ಆ ಸಭೆಯ ಸದಸ್ಯರಿಗೆ ಅಧ್ಯಕ್ಷರಿಗೆ ಬರುವಷ್ಟು ಪತ್ರಗಳು ಬರುವುದಿಲ್ಲ. ಬರೆದರೆ ಓದುತ್ತಾರೆ.